ಇಪ್ಪತ್ತೇಳನೇ ಮನೆಯ ಲಕ್ಕಿ ಸೊಪ್ಪು

ನಮ್ಮ ಊರಿನಲ್ಲಿ ಯಾರೂ ಯಾರನ್ನೂ ಸುಮ್ಮಸುಮ್ಮನೆ 'ಊಟ ಆಯ್ತಾ' ಎಂದು ಕೇಳುವುದಿಲ್ಲ. ಕೇಳಬೇಕೆಂದಿದ್ದರೆ ಮೊದಲು ಮನೆಯಲ್ಲಿ ಕೂತು ಯೋಚನೆ ಮಾಡುತ್ತಾರೆ. ಕೇಳಿದ ಮೇಲೆ ಆ ಕಡೆಯವರು 'ಆಯ್ತು, ನಿಮ್ದು?' ಎಂದರೆ ಇಬ್ಬರೂ ಪರಿಚಯದವರಾದರು ಎಂದು ಲೆಕ್ಕ. ಅಂದಿನಿಂದ ಒಬ್ಬರ ಹಿತ್ತಲಿನ ಮದ್ದು ಇನ್ನೊಬ್ಬರ ಮೈಗೆ ಹತ್ತುವುದಿಲ್ಲ. ಪರಿಚಯದವರ ಕೈ ಸೋಕಿದ ಕೂಡಲೇ ಅದು ಬರೀ ಸೊಪ್ಪು. ದನಕ್ಕೆ ಹಾಕಬಹುದು, ಗೊಬ್ಬರದ ಗುಂಡಿಗೆ ಹಾಕಬಹುದು. ಗಾಯಕ್ಕೆ ಹಾಕಿ ಪ್ರಯೋಜನವಿಲ್ಲ.

ಊರಲ್ಲಿ ನೂರ ನಲವತ್ತೆರಡು ಮನೆಗಳಿವೆ. ಪ್ರತಿ ಮನೆಯ ಹಿತ್ತಲಲ್ಲೂ ಒಂದು ಮದ್ದಿನ ಗಿಡವಿದೆ. ಒಂದೇ ಬೀದಿಯವರು ಪರಸ್ಪರ ಪರಿಚಯದವರು. ಅಷ್ಟನ್ನಾದರೂ ಕಳೆದುಕೊಳ್ಳದೆ ಬದುಕುವುದು ಯಾರಿಂದಲೂ ಆಗಲಿಲ್ಲ. ಬೇರೆ ಬೀದಿಯವರೊಡನೆ ಬಿಸಿಲಿನ ಬಗ್ಗೆ, ಬಸ್ಸಿನ ಬಗ್ಗೆ ಮಾತಾಡುತ್ತಾರೆ. ಅದರಿಂದ ತೊಂದರೆಯಿಲ್ಲ. ಮದುವೆ ಮಾತುಕತೆಗೆ ಮುಂಚೆ ಎರಡೂ ಕಡೆಯವರು ನಮ್ಮ ಲ್ಯಾಬಿಗೆ ಬಂದು, ಈ ಸಂಬಂಧದಿಂದ ಯಾವ ಯಾವ ಮದ್ದು ಕೈಬಿಡುತ್ತದೆ ಎಂದು ಪಟ್ಟಿ ಬರೆಸಿಕೊಂಡು ಹೋಗುತ್ತಾರೆ. ಆಡುಸೋಗೆ ಹೋಗುತ್ತದೆ ಎಂದರೆ ತಲೆಯಾಡಿಸುತ್ತಾರೆ. ಅಮೃತಬಳ್ಳಿ ಹೋಗುತ್ತದೆ ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಲಕ್ಕಿ ಹೋಗುತ್ತದೆ ಎಂದರೆ ಮಾತುಕತೆ ಅಲ್ಲಿಗೇ ಮುಗಿಯುತ್ತದೆ.

ನಾನು ಆ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಆಸ್ಪತ್ರೆಯ ಹಿಂದೆ, ತಗಡಿನ ಸೂರಿನ ಎರಡು ಕೋಣೆ. ಒಂದರಲ್ಲಿ ಕೆಲಸ, ಇನ್ನೊಂದರಲ್ಲಿ ವಾಸ. ರೋಗಿಯ ಗಾಯದ ಕೀವನ್ನು ಹತ್ತಿಯ ಕಡ್ಡಿಗೆ ತಾಗಿಸಿ ಕಳಿಸುತ್ತಾರೆ. ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಅಗರ್ ಎಂಬ ಗಟ್ಟಿ ಲೋಳೆ ಹಾಕಿದ ಗಾಜಿನ ಪ್ಲೇಟಿನ ಮೇಲೆ ತೆಳುವಾಗಿ ಸವರುತ್ತೇನೆ. ಅಗರಿನಲ್ಲಿ ಆರು ಮಿಲಿಮೀಟರಿನ ಗುಳಿಗಳನ್ನು ಕೊರೆದು ಒಂದೊಂದಕ್ಕೂ ಒಂದೊಂದು ಮನೆಯ ಸೊಪ್ಪಿನ ರಸ ಬಿಡುತ್ತೇನೆ. ಮಾರನೆಯ ದಿನಕ್ಕೆ ಬ್ಯಾಕ್ಟೀರಿಯಾ ಪ್ಲೇಟಿನ ತುಂಬ ಕೆನೆಯಂತೆ ಕಟ್ಟಿರುತ್ತದೆ. ರಸ ನಾಟಿದ್ದರೆ ಆ ಗುಳಿಯ ಸುತ್ತ ಮಾತ್ರ ತಿಳಿಯಾದ ಉಂಗುರ ಇರುತ್ತದೆ. ಉಂಗುರದ ಅಗಲವನ್ನು ಅಳೆದು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಗುಳಿಯ ಆರು ಮಿಲಿಮೀಟರನ್ನು ಸೇರಿಸಿ ಬರೆಯುವವರೂ ಇದ್ದಾರೆ. ನಾನು ಕಳೆದು ಬರೆಯುತ್ತೇನೆ.

ಎಲ್ಲ ಮನೆಗಳ ಸೊಪ್ಪನ್ನು ಮುಟ್ಟುವ ಕೈ ಯಾವ ಮನೆಗೂ ಪರಿಚಯದ್ದಾಗಿರಬಾರದು. ಅದಕ್ಕಾಗಿಯೇ ಹೊರಗಿನವಳನ್ನು, ಹಿಂದೆ ಮುಂದೆ ಯಾರೂ ಇಲ್ಲದವಳನ್ನು ಹುಡುಕಿ ತಂದರು. ಬಂದ ದಿನ ನನ್ನ ಹೆಸರನ್ನು ಯಾರೂ ಕೇಳಲಿಲ್ಲ. ಪ್ಲೇಟಕ್ಕ ಎನ್ನುತ್ತಾರೆ. ನಾನು ಅವರನ್ನು ಮನೆಯ ನಂಬರಿನಿಂದ ಗುರುತಿಸುತ್ತೇನೆ. ಅಂಗಡಿಯಲ್ಲಿ ಚೀಟಿ ಕೊಟ್ಟು ಸಾಮಾನು ತರುತ್ತೇನೆ. ಹಬ್ಬದ ದಿನ ಯಾರೋ ಬಾಗಿಲ ಮುಂದೆ ಒಬ್ಬಟ್ಟಿನ ಸ್ಟೀಲ್ ಡಬ್ಬಿ ಇಟ್ಟುಹೋಗುತ್ತಾರೆ. ಡಬ್ಬಿಯ ಮೇಲೆ ಕೊರೆಸಿದ ಹೆಸರು ನನಗೆ ಕಾಣದ ಹಾಗೆ ಆಸ್ಪತ್ರೆಯ ಅಂಟುಪಟ್ಟಿ ಹಚ್ಚಿರುತ್ತಾರೆ. ತಿಂದು, ತೊಳೆದು, ಅಲ್ಲೇ ಇಡುತ್ತೇನೆ. ಹನ್ನೊಂದು ವರ್ಷದಲ್ಲಿ ಒಂದು ಪಟ್ಟಿಯನ್ನೂ ಕಿತ್ತು ನೋಡಿದವಳಲ್ಲ.

ನಮ್ಮ ಆಸ್ಪತ್ರೆಯಲ್ಲಿ ಒಂದು ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿದೆ. ರಿಜಿಸ್ಟರಿನಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ. ವಾರ್ಡಿನವರು ಹಠಮಾರಿ ಎನ್ನುತ್ತಾರೆ. ಆಸ್ಪತ್ರೆಯಲ್ಲಿರುವ ಹನ್ನೊಂದು ಬಗೆಯ ಆ್ಯಂಟಿಬಯೋಟಿಕ್‌ಗಳಲ್ಲಿ ಒಂದಕ್ಕೂ ಅದು ಬಗ್ಗುವುದಿಲ್ಲ. ಊರಿನ ನೂರ ನಲವತ್ತೊಂದು ಮದ್ದಿಗೂ ಬಗ್ಗುವುದಿಲ್ಲ. ಬಗ್ಗುವುದು ಇಪ್ಪತ್ತೇಳನೇ ಮನೆಯ ಲಕ್ಕಿಗೆ ಮಾತ್ರ. ನನಗಿಂತ ಮುಂಚೆ ಇಲ್ಲಿದ್ದವರು ಒಮ್ಮೆ ಅದೇ ಬ್ಯಾಕ್ಟೀರಿಯಾ ತಾಗಿದ ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡರು. ಲಕ್ಕಿ ಇದ್ದುದರಿಂದ ಒಂದು ಬೆರಳಿನಲ್ಲಿ ಮುಗಿಯಿತು. ಕೆಲಸ ಒಪ್ಪಿಸುವಾಗ ಉಳಿದ ನಾಲ್ಕು ಬೆರಳುಗಳ ಕೈಯನ್ನು ನನ್ನ ಮುಂದೆ ಹಿಡಿದು, "ಇಪ್ಪತ್ತೇಳನ್ನ ಮಾತ್ರ ಮಾತಾಡಿಸ್ಬೇಡಮ್ಮ. ಅದು ನಿನ್ ಪಾಲಿನ ಪ್ರಾಣ," ಎಂದಿದ್ದರು.

ಇಪ್ಪತ್ತೇಳನೆಯವರು ಊರಿನ ನೀರುಗಂಟಿ. ಬೀದಿ ಬೀದಿಯ ವಾಲ್ವು ತೆಗೆದು ಮುಚ್ಚುವ ಕೆಲಸ. ಮಾತಾಡುವ ಅಗತ್ಯವಿಲ್ಲದ ಕೆಲಸವೆಂದು ಊರಿನ ಸಮಿತಿಯವರೇ ಅವರ ಅಪ್ಪನ ಕಾಲದಲ್ಲಿ ಅದನ್ನು ಆ ಮನೆಗೆ ಕೊಟ್ಟರು. ಮನೆ ಬೀದಿಯ ಕೊನೆಯಲ್ಲಿದೆ, ಆ ಬೀದಿಯವರಿಗೂ ಪರಿಚಯವಾಗದಿರಲೆಂದು ಸುತ್ತ ಎರಡು ನಿವೇಶನ ಖಾಲಿ ಬಿಟ್ಟಿದ್ದಾರೆ. ಆರು ವರ್ಷದ ಹಿಂದೆ ಅವರ ಹೆಂಡತಿ ತೀರಿಕೊಂಡಾಗ ಮಾತಾಡಿಸಿಕೊಂಡು ಬರಲು ಯಾರೂ ಹೋಗಲಿಲ್ಲ, ಹೋಗಿದ್ದರೆ ಪರಿಚಯವಾಗುತ್ತಿತ್ತು. ಊರಿನವರು ರಸ್ತೆಯ ಈಚೆ ಬದಿಯಲ್ಲಿ ಒಂದು ಗಂಟೆ ಸಾಲಾಗಿ ನಿಂತು ವಾಪಸು ಬಂದರು. ಅದೂ ಎಲ್ಲರ ಒಳ್ಳೆಯದಕ್ಕೇ. ನಾನೂ ಆ ಸಾಲಿನಲ್ಲಿದ್ದೆ.

ಪ್ರತಿ ಮಂಗಳವಾರ ಹತ್ತು ಗಂಟೆಗೆ ಅವರು ಕಾಲು ಕಿಲೋ ಲಕ್ಕಿ ಸೊಪ್ಪು ತರುತ್ತಾರೆ. ನಾನು ತೂಗುತ್ತೇನೆ. "ಸರಿಯಿದೆ" ಎನ್ನುತ್ತೇನೆ. ಅವರು "ಬರ್ಲಾ" ಎನ್ನುತ್ತಾರೆ. ವ್ಯವಹಾರದ ಮಾತು ಪರಿಚಯಕ್ಕೆ ಸೇರುವುದಿಲ್ಲ.

ಹೋದ ವರ್ಷ ಒಂದು ಮಂಗಳವಾರ ನಾನು ಪ್ಲೇಟುಗಳನ್ನು ತೊಳೆಯುತ್ತಿದ್ದಾಗ ನಲ್ಲಿ ನಿಂತಿತು. ನಮ್ಮ ಬೀದಿಗೆ ನೀರು ಬೆಳಿಗ್ಗೆ ಆರು ಹತ್ತರಿಂದ ಆರು ನಲವತ್ತರವರೆಗೆ. ಅವರು ಸೊಪ್ಪು ತರುವ ಹೊತ್ತಿಗೂ ನನ್ನ ಮೊಣಕೈವರೆಗೆ ಸೋಪು ಒಣಗಿ ಕೂತಿತ್ತು. ಅವರು ನೋಡಿದರು, ಏನೂ ಹೇಳಲಿಲ್ಲ. ಮುಂದಿನ ಮಂಗಳವಾರ ನೀರು ಆರು ನಲವತ್ತೈದಕ್ಕೆ ನಿಂತಿತು. ಹೊಸ ಮೋಟಾರು ಹಾಕಿಸಿರಬೇಕು ಎಂದುಕೊಂಡೆ. ತೊಳೆಯುವ ಕೆಲಸಕ್ಕೆ ಅನುಕೂಲವಾಗಲೆಂದು ನೀರಿನ ಸಮಯವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ನನ್ನ ರೂಢಿ, ಅದನ್ನೂ ಹಾಕಿದೆ. ಅದೇ ವಾರ ಹೊರಗೆ ತಗಡಿನ ನೆರಳಿಗೆ ಒಂದು ಸ್ಟೂಲು ತಂದಿಟ್ಟೆ. ಸೊಪ್ಪು ತರುವವರು ನಿಂತೇ ಇರುತ್ತಾರಲ್ಲ ಎಂದು ಇಟ್ಟೆ. ನೂರ ನಲವತ್ತೆರಡು ಮನೆಯವರಲ್ಲಿ ಅದರ ಮೇಲೆ ಕೂತವರು ಒಬ್ಬರೇ.

ಮತ್ತೆ ಕೆಲವು ವಾರಕ್ಕೆ ಲಕ್ಕಿಯ ಉಂಗುರ ಇಪ್ಪತ್ತನಾಲ್ಕರಿಂದ ಇಪ್ಪತ್ತೊಂದಕ್ಕೆ ಇಳಿಯಿತು. ಆಮೇಲೆ ಹತ್ತೊಂಬತ್ತು. ಆಮೇಲೆ ಹದಿನಾಲ್ಕು. ಕಾರಣದ ಕಾಲಮ್ಮಿನಲ್ಲಿ 'ಹಠಮಾರಿ ಲಕ್ಕಿಗೂ ಒಗ್ಗಿಕೊಳ್ಳುತ್ತಿದೆ' ಎಂದು ಬರೆದೆ. ಮಾತ್ರೆಗಳಿಗೆ ಒಗ್ಗಿಕೊಂಡಿದ್ದು ಸೊಪ್ಪಿಗೆ ಒಗ್ಗಿಕೊಂಡರೆ ಆಶ್ಚರ್ಯವಿಲ್ಲ. ಒಂಬತ್ತು ತಿಂಗಳಲ್ಲಿ ಉಂಗುರ ಸೊನ್ನೆಗೆ ಬಂತು. ಆ ಅವಧಿಯಲ್ಲಿ 'ಲಕ್ಕಿ ನಾಟುವುದಿಲ್ಲ' ಎಂದು ನಾನು ಬರೆದುಕೊಟ್ಟ ಮೇಲೆ ನಾಲ್ವರು ರೋಗಿಗಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎಂಟು ಗಂಟೆಯ ದಾರಿ. ಮೂವರು ವಾಪಸು ಬಂದರು.

ಐದನೆಯವಳು ಹೆರಿಗೆ ವಾರ್ಡಿನ ಒಂಬತ್ತನೇ ಹಾಸಿಗೆಯವಳು. ಆಪರೇಷನ್ ಮಾಡಿ ಮಗು ತೆಗೆದಿದ್ದರು, ಮಗು ಚೆನ್ನಾಗಿತ್ತು. ತಾಯಿಯ ಹೊಲಿಗೆ ಕೀವಾಗಿ ಜ್ವರ ನೂರ ನಾಲ್ಕಕ್ಕೆ ಏರಿತ್ತು. ಅವಳ ಅಮ್ಮ ಅರವತ್ತಮೂರನೇ ಮನೆಯವರು. ಅವರ ಹಿತ್ತಲಿನಲ್ಲಿ ತುಂಬೆಯಿದೆ. ಚಳಿಗಾಲದಲ್ಲಿ ನನಗೆ ಬರುವ ಕೆಮ್ಮಿಗೆ ಅದೇ ಮದ್ದು. ಅರವತ್ತು ದಾಟಿದ ಹೆಂಗಸು. ಅವರ ಬೀದಿ ಮಾತಿಗೆ ಹೆಸರಾದ ಬೀದಿ. ಆ ವಾರವೆಲ್ಲ ನನ್ನ ಲ್ಯಾಬಿನ ಮೆಟ್ಟಿಲ ಮೇಲೆ ಕೂತಿದ್ದರು.

"ಏನ್ ಪ್ಲೇಟಕ್ಕಾ, ಉಂಗುರ ಬಿತ್ತಾ?"

"ಇಲ್ಲಮ್ಮ."

"ಒಂದೂ ಇಲ್ವಾ? ಊರ್ ತುಂಬ ಸೊಪ್ಪು ಬೆಳ್ಕೊಂಡ್ ಕೂತಿದೀವಿ, ಒಂದಕ್ಕೂ ಯೋಗ್ಯತೆ ಇಲ್ವಾ?"

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಬೆಳಗ್ಗಿಂದ ಒಂದ್ ಲೋಟ ಕಾಫಿನೂ ಕುಡ್ದಿಲ್ಲ ನೀವು. ಕಣ್ಣು ಒಳಕ್ ಹೋಗಿದಾವೆ. ಊ..." ಎಂದವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಸೆರಗು ತೆಗೆದು, "ಬಿಸ್ಲು ಜಾಸ್ತಿ," ಎಂದರು. ಆಗ ಮೋಡ ಕವಿದಿತ್ತು.

ಆವತ್ತು ಮಧ್ಯಾಹ್ನ ಡಾಕ್ಟರ್ ಮೊಹಸಿನ್ ಬಂದರು. ನಮ್ಮಲ್ಲಿ ಡಾಕ್ಟರುಗಳನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ. ಇವರು ಬಂದು ಏಳು ತಿಂಗಳಾಗಿತ್ತು. "ನಾಳೆ ಬೆಳಿಗ್ಗೆ ಹತ್ತಕ್ಕೆ ಆಂಬುಲೆನ್ಸ್ ಹೇಳಿದೀನಿ. ನಿಜ ಹೇಳ್ಬೇಕಂದ್ರೆ ದಾರಿ ತಡ್ಕೋತಾಳೆ ಅಂತ ನಂಗೆ ಅನ್ಸಲ್ಲ. ನಿಮ್ಮ ಲಕ್ಕಿ ಕೈ ಕೊಟ್ಟಿದ್ದು ಯಾವಾಗಿಂದ?"

ಯಾವಾಗಿಂದ ಎಂಬುದಕ್ಕೆ ಅಂದಾಜಿನ ಉತ್ತರ ಕೊಡುವುದು ನನ್ನ ಸ್ವಭಾವವಲ್ಲ. ರಿಜಿಸ್ಟರು ತೆಗೆದೆ. ಅದಕ್ಕೂ ಮೊದಲು ಆ ದಿನದ ಉಳಿದ ಪ್ಲೇಟುಗಳನ್ನು ನೋಡುವುದಿತ್ತು. ಹಿಂದಿನ ದಿನ, ಯಾಕೋ ಅನುಮಾನ ಬಂದು, ಒಂಬತ್ತನೇ ಹಾಸಿಗೆಯ ಬ್ಯಾಕ್ಟೀರಿಯಾದ ಜೊತೆಗೆ ಇನ್ನೊಂದು ಪ್ಲೇಟಿನಲ್ಲಿ ಫ್ರಿಜ್ಜಿನ ಹಳೆಯ ಸೀಸೆಯದನ್ನೂ ಸವರಿದ್ದೆ. ಅದು ಏಳು ವರ್ಷದ ಹಿಂದಿನ ಹಠಮಾರಿ. ಆಗ ಅದರ ಮೇಲೆ ಲಕ್ಕಿಯ ಉಂಗುರ ಇಪ್ಪತ್ತನಾಲ್ಕು ಎಂದು ನನ್ನ ಕೈಬರಹದಲ್ಲೇ ಇದೆ. ಈ ಸಲ ನೋಡಿದರೆ ಅದರ ಮೇಲೂ ಉಂಗುರವಿರಲಿಲ್ಲ. ಗುಳಿಯ ಅಂಚಿನವರೆಗೂ ಕೆನೆ ಕಟ್ಟಿತ್ತು.

ಏಳು ವರ್ಷ ಸೀಸೆಯೊಳಗೆ ತಣ್ಣಗೆ ಮಲಗಿದ್ದ ಬ್ಯಾಕ್ಟೀರಿಯಾ ಯಾವ ಸೊಪ್ಪಿಗೂ ಒಗ್ಗಿಕೊಂಡಿರಲಾರದು. ಎಂದರೆ ಬದಲಾದದ್ದು ಬ್ಯಾಕ್ಟೀರಿಯಾ ಅಲ್ಲ. ಈ ಪರೀಕ್ಷೆಯನ್ನು ಮೊದಲ ಸಲ ಉಂಗುರ ಇಳಿದ ದಿನವೇ ಮಾಡಬೇಕಿತ್ತು. ಒಂದು ದಿನದ ಕೆಲಸ. ಮಾಡಿರಲಿಲ್ಲ.

ಗಿಡ ಅದೇ. ಮಣ್ಣು ಅದೇ. ಬಿಸಿಲು ಮಳೆಯಲ್ಲಿ ಏನಾದರೂ ವ್ಯತ್ಯಾಸವಾಯಿತೇ ಎಂದು ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ತಿರುವಿದೆ. ಮಂಗಳವಾರದ ಚೌಕಗಳಲ್ಲಿ ನೀರಿನ ಗುರುತುಗಳಿದ್ದವು. ಮೂವತ್ತು ನಿಮಿಷ, ಮೂವತ್ತೈದು, ಮೂವತ್ತೆಂಟು, ನಲವತ್ತು, ನಲವತ್ತೈದು. ಹೋದ ತಿಂಗಳಿನಿಂದ ಐವತ್ತು. ಉಳಿದ ಆರು ದಿನಗಳಲ್ಲಿ ಮೂವತ್ತರ ಮೇಲೆ ಒಂದು ನಿಮಿಷವೂ ಇಲ್ಲ. ರಿಜಿಸ್ಟರನ್ನು ಪಕ್ಕದಲ್ಲಿ ಹಿಡಿದು ಓದಿದೆ. ನೀರು ಮೂವತ್ತೈದಾದ ಮೇಲೆ ಉಂಗುರ ಇಪ್ಪತ್ತೊಂದು. ನಲವತ್ತಾದ ಮೇಲೆ ಹದಿನಾಲ್ಕು. ಐವತ್ತಕ್ಕೆ ಸೊನ್ನೆ.

ಒಂದು ಮಾತೂ ಆಡದೆ ಪರಿಚಯವಾಗಬಹುದೆಂದು ಊರಿನ ಯಾವ ನಿಯಮದಲ್ಲೂ ಬರೆದಿರಲಿಲ್ಲ. ನಾನು ಹೊರಗೆ ಬಂದು ಸ್ಟೂಲಿನ ಮೇಲೆ ಕೂತೆ. ಆಮೇಲೆ ಅದು ಯಾವ ಸ್ಟೂಲೆಂದು ನೆನಪಾಗಿ ಎದ್ದು ಒಳಗೆ ಬಂದೆ.

ಡಾಕ್ಟರು ಇನ್ನೂ ನಿಂತಿದ್ದರು. "ಲಕ್ಕಿ ಕೈ ಕೊಟ್ಟಿಲ್ಲ," ಎಂದೆ. "ನನ್ನ ಕೈಯಲ್ಲಿ ಸತ್ತಿದೆ. ಬೇರೆಯವರ ಕೈಯಲ್ಲಿ ಅರೆಸಿದ್ರೆ ನಾಟ್ಬಹುದು."

"ನಾಟ್ಬಹುದಾ, ನಾಟುತ್ತಾ?"

"ಪ್ಲೇಟು ನೋಡದೆ ಹೇಳಕ್ಕಾಗಲ್ಲ. ನಾಳೆ ಹತ್ತರವರೆಗೆ ಟೈಮಿದೆಯಲ್ಲ."

"ಗ್ಲೌಸ್ ಹಾಕ್ಕೊಂಡು ನೀವೇ ಮಾಡಿದ್ರೆ?"

ಅವರು ಏಳೇ ತಿಂಗಳಿನವರು. ಪರಿಚಯಕ್ಕೆ ರಬ್ಬರು ಅಡ್ಡ ಬರುವುದಿಲ್ಲ ಎಂದು ತಿಳಿಸಿ, ಮೆಟ್ಟಿಲ ಮೇಲಿದ್ದವರನ್ನು ಒಳಗೆ ಕರೆದೆ.

"ನಿಮಗೆ ನೀರುಗಂಟಿ ಗೊತ್ತಾ?"

"ಮುಖ ಗೊತ್ತು. ನೀರು ಬಂದಿಲ್ಲ ಅಂತ ಬೈದಿದೀನಿ. ಒಂದ್ ಸಲ ಅಲ್ಲ, ಹತ್ ಸಲ ಬೈದಿದೀನಿ. ಬೈದ್ರೆ ಪರಿಚಯ ಆಗತ್ತಾ?"

"ಅವರು ತಿರುಗಿ ಏನಾದ್ರೂ ಅಂದ್ರಾ?"

"ಎಲ್ಲಿ ಅಂತಾನೆ. ಗೂಟ ನಿಂತಂಗ್ ನಿಂತಿರ್ತಾನೆ. ಅದಕ್ಕೇ ಇನ್ನೂ ಸಿಟ್ಟು ಬರೋದು."

"ತಿರುಗಿ ಅನ್ನದಿದ್ರೆ ಪರಿಚಯ ಅಲ್ಲ," ಎಂದೆ. "ಕೈ ತೊಳ್ಕೊಳಿ. ಮೊಣಕೈವರೆಗೆ."

ಮಂಗಳವಾರವಾದ್ದರಿಂದ ಸೊಪ್ಪು ಬೆಳಿಗ್ಗೆ ಬಂದಿತ್ತು. ಚೀಲದ ಸಮೇತ ತೂಕ ಮಾಡಿದ್ದೆ, ಎಲೆ ಮುಟ್ಟಿರಲಿಲ್ಲ; ಬಾಗಿಲ ಮೊಳೆಯಲ್ಲಿ ಚೀಲ ಹಾಗೇ ತೂಗುತ್ತಿತ್ತು. ನಾನು ಮೇಜಿನ ಈಚೆ ನಿಂತು ಹೇಳುತ್ತಾ ಹೋದೆ, ಅವರು ಆಚೆ ನಿಂತು ಮಾಡುತ್ತಾ ಹೋದರು. ಎಲೆ ಬಿಡಿಸಿ. ದಂಟು ಬೇಡ. ಐವತ್ತು ಗ್ರಾಂ ತೂಗಿ. ಅವರು ಐವತ್ತೆರಡು ತೂಗಿದರು. ಎರಡು ತೆಗೆಯಿರಿ ಎಂದೆ.

"ಎರಡು ಜಾಸ್ತಿ ಇದ್ರೆ ಮಗಳಿಗೆ ಒಳ್ಳೇದಲ್ವಾ?"

"ನಾಳೆ ಲೆಕ್ಕ ತಪ್ಪತ್ತೆ."

"ನಲವತ್ತು ವರ್ಷ ಚಟ್ನಿ ಅರ್ದಿದೀನಿ, ಯಾವತ್ತೂ ತೂಗಿಲ್ಲ," ಎನ್ನುತ್ತಲೇ ಎರಡು ಗ್ರಾಂ ತೆಗೆದರು. ಒರಳಿಗೆ ಹಾಕಿ ಅರೆದರು. ಅಷ್ಟು ನುಣ್ಣಗೆ ನಾನು ಎಂದೂ ಅರೆದಿಲ್ಲ. ಬಟ್ಟೆಯಲ್ಲಿ ಸೋಸಿ, ಮತ್ತೆ ಕಾಗದದಲ್ಲಿ ಸೋಸಿಸಿದೆ. ಒಂಬತ್ತನೇ ಹಾಸಿಗೆಯ ಬ್ಯಾಕ್ಟೀರಿಯಾ ಸವರಿದ ಪ್ಲೇಟಿನಲ್ಲಿ ಎರಡು ಗುಳಿ ಕೊರೆದೆ. ಎಡಗಡೆಯದಕ್ಕೆ ಅವರು ತಮ್ಮ ಕೈಯಿಂದ ರಸ ಬಿಟ್ಟರು. ಅದೇ ಸೊಪ್ಪಿನಿಂದ ಐವತ್ತು ಗ್ರಾಂ ತೆಗೆದುಕೊಂಡು ನಾನು ಬೇರೆ ಒರಳಿನಲ್ಲಿ ಅರೆದು ಬಲಗಡೆಯದಕ್ಕೆ ಬಿಟ್ಟೆ. ಪ್ಲೇಟನ್ನು ಶಾಖದ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಮುಚ್ಚಿದಾಗ ಮಧ್ಯಾಹ್ನ ಮೂರೂವರೆ.

"ನಿಮ್ ಕೈಯಲ್ಲಿ ಯಾಕೆ ಸತ್ತಿತು?" ಎಂದು ಅವರು ಕೇಳಿದರು.

"ಗೊತ್ತಿಲ್ಲ," ಎಂದೆ. ಆ ಲ್ಯಾಬಿನಲ್ಲಿ ನಿಂತು ನಾನು ಹೇಳಿದ ಒಂದೇ ಸುಳ್ಳು ಅದು. ಅವರು ನಂಬಲಿಲ್ಲ. ಹೊರಗಿನ ಸ್ಟೂಲನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

ಬೆಳಿಗ್ಗೆ ಒಂಬತ್ತೂವರೆಗೆ ಪೆಟ್ಟಿಗೆ ತೆಗೆದೆ. ಹದಿನೆಂಟು ಗಂಟೆ. ಆಂಬುಲೆನ್ಸ್ ಬಂದು ಅಂಗಳದಲ್ಲಿ ನಿಂತಿತ್ತು. ಬಲಗಡೆಯ ಗುಳಿಯ ಸುತ್ತ ಏನೂ ಇರಲಿಲ್ಲ. ಎಡಗಡೆಯ ಗುಳಿಯ ಸುತ್ತ ಉಂಗುರ ಎಷ್ಟು ತಿಳಿಯಾಗಿತ್ತೆಂದರೆ ಕೆಳಗಿಟ್ಟ ರಿಜಿಸ್ಟರಿನ ಅಕ್ಷರ ಅದರ ಮೂಲಕ ಓದಬಹುದಿತ್ತು. ಅಳೆದೆ. ಇನ್ನೊಂದು ಸಲ ಅಳೆದೆ. ಇಪ್ಪತ್ತನಾಲ್ಕು.

ಡಾಕ್ಟರು ಆಂಬುಲೆನ್ಸನ್ನು ವಾಪಸು ಕಳಿಸಿದರು. ಅರವತ್ತಮೂರನೆಯವರು ದಿನಕ್ಕೆ ಮೂರು ಸಲ ಲಕ್ಕಿ ಅರೆದರು, ನೀರುಗಂಟಿಯ ಮುಖವನ್ನೇ ಕಂಡಿರದ ನರ್ಸು ಗಾಯ ತೊಳೆದು ಕಟ್ಟಿದಳು. ನಾಲ್ಕನೇ ದಿನ ಜ್ವರ ನೂರಕ್ಕೆ ಇಳಿಯಿತು. ಹನ್ನೊಂದನೇ ದಿನ ಹೊಲಿಗೆ ಬಿಚ್ಚಿದರು. ಮಗುವನ್ನು ಎತ್ತಿಕೊಂಡು ಮನೆಗೆ ಹೊರಟ ದಿನ ಅರವತ್ತಮೂರನೆಯವರು ಲ್ಯಾಬಿನ ಬಾಗಿಲಲ್ಲಿ ಬಂದು ನಿಂತರು. ಈ ಸಲ ಸೆರಗು ಬಾಯಿಗೆ ಹೋಗಲಿಲ್ಲ.

"ನನ್ ಹೆಸ್ರು ಕೆಂಪನಂಜಮ್ಮ. ಊಟ ಆಯ್ತಾ?"

"ನಿಮ್ಮ ತುಂಬೆ ಹೋಗತ್ತೆ ನನಗೆ," ಎಂದೆ. "ಚಳಿಗಾಲ ಬರ್ತಿದೆ."

"ಕೆಮ್ಮಿದ್ರೆ ಕೆಮ್ಮಿ. ಶುಂಠಿ ಕಷಾಯ ಮಾಡ್ಕೊಡ್ತೀನಿ. ಅದು ಅಂಗ್ಡೀದು, ಯಾರ್ ಹಿತ್ಲುದೂ ಅಲ್ಲ. ಕೇಳಿದ್ದಕ್ಕೆ ಹೇಳಿ."

"ಆಯ್ತು," ಎಂದೆ. ಅವರು ಕಾಯುತ್ತಾ ನಿಂತಿದ್ದರು. ಏನಕ್ಕೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಹೆಸರು ಹೇಳಿದೆ. ಹನ್ನೊಂದು ವರ್ಷ ಬಾಯಿಂದ ಆಡಿರದ ಹೆಸರು. "ಸರಸಿಜ."

ಅರವತ್ತಮೂರನೇ ಮನೆಯ ತುಂಬೆಯನ್ನು ಇನ್ನು ಮುಂದೆ ನಾನು ಪರೀಕ್ಷಿಸುವಂತಿಲ್ಲ ಎಂದು ಅದೇ ದಿನ ಬರೆದೆ. ಆ ಕೆಲಸಕ್ಕೂ, ಮಂಗಳವಾರದ ಲಕ್ಕಿಗೂ ಬೇರೆ ಕೈ ಬೇಕಿತ್ತು. ತುಂಬೆಗೆ ನರ್ಸನ್ನು ಒಪ್ಪಿಸಿದೆವು. ಲಕ್ಕಿಗೆ ಕೆಂಪನಂಜಮ್ಮನೇ ಬರುತ್ತೇನೆಂದರು.

ರಿಜಿಸ್ಟರಿನ ಒಂಬತ್ತು ತಿಂಗಳ ಕಾರಣಗಳನ್ನು ತಿದ್ದುವುದಿತ್ತು. 'ಹಠಮಾರಿ ಒಗ್ಗಿಕೊಳ್ಳುತ್ತಿದೆ' ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ಪರಿಚಯ' ಎಂದು ಬರೆದು ರುಜು ಹಾಕಿದೆ. ಮೂವತ್ತೊಂಬತ್ತು ಸಲ. ವಾಪಸು ಬಾರದ ನಾಲ್ಕನೇ ರೋಗಿಯ ಹೆಸರಿನ ಮುಂದೆಯೂ ಬರೆದೆ. ಆ ಪುಟವನ್ನು ಡಾಕ್ಟರಿಗೆ ತೋರಿಸಿದೆ. ಅವರು ಓದಿ, "ಇದನ್ನ ನೀವು ಬರೀಲೇಬೇಕಿತ್ತಾ?" ಎಂದರು. ಬರೆಯದಿದ್ದರೆ ರಿಜಿಸ್ಟರು ಯಾಕೆ ಎಂದೆ.

ಮದ್ದು ಕೆಟ್ಟ ಕಾರಣವನ್ನು ಆ ಮನೆಗೆ ಚೀಟಿಯಲ್ಲಿ ತಿಳಿಸಬೇಕೆಂಬುದು ನಿಯಮ. ಹೀಗೆ ಬರೆದೆ: 'ತಮ್ಮ ಮನೆಯ ಲಕ್ಕಿ ಲ್ಯಾಬಿನ ಕೈಯಲ್ಲಿ ಕೆಲಸ ಮಾಡುತ್ತಿಲ್ಲ. ಕಾರಣ: ಪರಿಚಯ. ಗಿಡದಲ್ಲಿ ದೋಷವಿಲ್ಲ.' ಕೊನೆಯ ವಾಕ್ಯ ನಿಯಮದಲ್ಲಿಲ್ಲ. ನಾನು ಸೇರಿಸಿದ್ದು.

ಮುಂದಿನ ಮಂಗಳವಾರ ನೀರು ಆರು ಹತ್ತಕ್ಕೆ ಬಂದು ಆರು ನಲವತ್ತಕ್ಕೆ ನಿಂತಿತು. ಸೊಪ್ಪಿನ ಚೀಲ ಗೇಟಿನ ಸರಳಿಗೆ ನೇತುಹಾಕಿತ್ತು. ಸ್ಟೂಲು ಖಾಲಿ ಇತ್ತು. ಅದರ ಮುಂದಿನ ಮಂಗಳವಾರವೂ ಹಾಗೆಯೇ. ಅವರು ನನ್ನಿಂದ ದೂರವಿದ್ದು ತಮ್ಮ ಸೊಪ್ಪನ್ನು ಊರಿಗೆ ವಾಪಸು ಕೊಡುತ್ತಿದ್ದರು. ಅವರ ಅಪ್ಪ ಮಾಡಿದ್ದೂ ಅದನ್ನೇ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಕೆಂಪನಂಜಮ್ಮ ಬಂದು ಅರೆದು ಹೋದ ಮೇಲೆ ಉಳಿದ ಎಲೆಯಿಂದ ನಾನು ಒಂದು ಪ್ಲೇಟು ಹಾಕತೊಡಗಿದೆ. ಇದಕ್ಕೆ ಯಾರೂ ಹೇಳಿರಲಿಲ್ಲ. ಮೊದಲ ವಾರ ಉಂಗುರವಿರಲಿಲ್ಲ. ಎರಡನೇ ವಾರ, ಮೂರನೇ ವಾರ, ಆರನೇ ವಾರದವರೆಗೂ ಇರಲಿಲ್ಲ. ನೀರು ಸರಿಯಾಗಿ ಮೂವತ್ತು ನಿಮಿಷ; ಮುಖವೂ ಕಾಣಿಸಲಿಲ್ಲ; ಆದರೂ ಪ್ಲೇಟಿನ ಮೇಲೆ ಅಂಚಿನಿಂದ ಅಂಚಿಗೆ ಕೆನೆ. ಬುಧವಾರ ಬೆಳಿಗ್ಗೆ ಪೆಟ್ಟಿಗೆ ತೆಗೆದು, ಅಳೆಯಲು ಏನೂ ಇಲ್ಲದ್ದನ್ನು ನೋಡಿ, ಸೊನ್ನೆ ಬರೆದು, ಆ ದಿನದ ಉಳಿದ ಕೆಲಸವನ್ನು ಬೇಗ ಬೇಗ ಮಾಡುತ್ತಿದ್ದೆ. ಊರಲ್ಲಿ ಯಾರಿಗೋ ನಾನು ಗೊತ್ತಿದ್ದೇನೆ ಎಂಬುದಕ್ಕೆ ನನ್ನ ಹತ್ತಿರ ವಾರಕ್ಕೊಂದು ದಾಖಲೆಯಿತ್ತು.

ಏಳನೇ ವಾರ ಗುಳಿಯ ಸುತ್ತ ಒಂದು ಗೆರೆ ಕಾಣಿಸಿತು. ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಮೂರು ಮಿಲಿಮೀಟರ್.

ಡಾಕ್ಟರಿಗೆ ಸಂತೋಷವಾಯಿತು. "ಮೂರು ಬಂತಲ್ಲ. ಇದೇ ಲೆಕ್ಕದಲ್ಲಿ ಇನ್ನೊಂದು ವರ್ಷದೊಳಗೆ ಪೂರ್ತಿ ಬರತ್ತೆ. ಆಮೇಲೆ ನೀವೇ ಮಾಡ್ಬಹುದು." ಅವರು ಹೇಳಿದ್ದು ಸರಿಯಾಗಿತ್ತು. ಒಂಬತ್ತನೇ ವಾರಕ್ಕೆ ಉಂಗುರ ಐದಾಯಿತು. ಚಳಿ ಬಿದ್ದು ನನಗೆ ಕೆಮ್ಮು ಶುರುವಾಗಿತ್ತು. ಕೆಂಪನಂಜಮ್ಮ ಶುಂಠಿ ಕಷಾಯ ತಂದಿಟ್ಟು, ನಾನು ಪ್ಲೇಟು ಅಳೆಯುವುದನ್ನು ನೋಡುತ್ತಾ ಕೂತಿದ್ದರು.

"ಉಂಗುರ ಬಂದ್ರೆ ಒಳ್ಳೇದು ತಾನೆ?"

"ಒಳ್ಳೇದೇ."

"ಮತ್ತೆ ಮುಖ ಯಾಕೆ ಹಂಗೆ?"

ನಾನು ಆ ಬುಧವಾರ ಇಡೀ ದಿನ ಯೋಚಿಸಿದೆ. ಅರೆಬರೆ ಪರಿಚಯ ಅಪಾಯದ್ದು. ಒಂಬತ್ತು ತಿಂಗಳು ತಪ್ಪು ಬರೆಸಿದ್ದು ಅದೇ. ಪರಿಚಯ ಇದೆಯೋ ಇಲ್ಲವೋ ತಿಳಿಯದ ಕೈ ಲ್ಯಾಬಿನಲ್ಲಿರುವುದಕ್ಕಿಂತ, ಇಂಥ ಸೊಪ್ಪು ಈ ಕೈಗೆ ಇಲ್ಲ ಎಂದು ಸ್ಪಷ್ಟವಾಗಿ ಬರೆದಿಡುವುದು ಮೇಲು. ಲಕ್ಕಿ ಅರೆಯಲು ಜನವಿದ್ದಾರೆ. ರೋಗಿಗಳಿಗೆ ನಷ್ಟವಿಲ್ಲ. ನಷ್ಟವಾದರೆ ನನ್ನ ಬೆರಳಿಗೆ. ಈ ಕಾರಣಗಳೆಲ್ಲ ಸರಿಯಾಗಿಯೇ ಇವೆ. ಇವು ಯಾವುವೂ ಇಲ್ಲದಿದ್ದರೂ ನಾನು ಮುಂದಿನ ಮಂಗಳವಾರ ವಾಲ್ವಿನ ಹತ್ತಿರ ಹೋಗುತ್ತಿದ್ದೆ ಎಂಬುದನ್ನೂ ಇಲ್ಲಿ ಬರೆಯಬೇಕು.

ಆರು ಗಂಟೆ ಐದು ನಿಮಿಷಕ್ಕೆ ನೀರುಗಂಟಿ ನಮ್ಮ ಬೀದಿಯ ತುದಿಯಲ್ಲಿ ವಾಲ್ವಿನ ಗುಂಡಿಯ ಮುಚ್ಚಳ ತೆಗೆದು, ಉದ್ದನೆಯ ಕಬ್ಬಿಣದ ಕೀಯನ್ನು ಇಳಿಸುತ್ತಿದ್ದರು. ತಲೆಗೆ ಮಫ್ಲರ್ ಸುತ್ತಿದ್ದರು. ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಅಷ್ಟೇ ದೂರದಲ್ಲಿ ನಿಂತೆ.

"ಊಟ ಆಯ್ತಾ?" ಎಂದೆ.

ಅವರು ಕೀ ತಿರುಗಿಸಿದರು. ಕೊಳವೆಯೊಳಗೆ ನೀರು ಸದ್ದು ಮಾಡುತ್ತಾ ನಮ್ಮ ಕಾಲ ಕೆಳಗಿಂದ ಹಾದುಹೋಯಿತು. ತಿರುಗಿ ಏನೂ ಅನ್ನದಿದ್ದರೆ ಅದು ಪರಿಚಯವಲ್ಲ. ಅದನ್ನು ಊರಿಗೆ ಹೇಳುವವಳೇ ನಾನು. ಕೀಯ ಹಿಡಿಯ ಮೇಲೆ ಎರಡೂ ಕೈ ಊರಿಕೊಂಡು ಅವರು ಗುಂಡಿಯನ್ನೇ ನೋಡುತ್ತಿದ್ದರು.

"ಸೊಪ್ಪು?" ಎಂದರು ಕೊನೆಗೆ.

"ಅರವತ್ತಮೂರನೆಯವರು ಅರೀತಾರೆ. ಇಪ್ಪತ್ತನಾಲ್ಕು ಬರ್ತಿದೆ."

"ಅವರು ನನ್ನ ಬೈತಾರೆ."

"ತಿರುಗಿ ಮಾತಾಡ್ಬೇಡಿ."

ಅವರು ತಲೆಯಾಡಿಸಿದರು. ಇಷ್ಟು ವ್ಯವಹಾರದ ಮಾತು. ಆಮೇಲೆ ಕೀಯನ್ನು ಮೇಲಕ್ಕೆಳೆದು, "ನಿಮ್ಮ ಕೈಗೆ ಸೂಜಿ ಗೀಜಿ ಚುಚ್ಚಿದ್ರೆ?" ಎಂದರು.

"ಚುಚ್ಚದ ಹಂಗೆ ನೋಡ್ಕೋತೀನಿ."

ಅವರು ಮಫ್ಲರನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡರು. ಪೂರ್ವದ ಕಡೆ ನೋಡಿದರು. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ.

"ಇಷ್ಟ್ ಬೆಳಿಗ್ಗೆ ಊಟ ಯಾರ್ ಮಾಡ್ತಾರೆ," ಎಂದರು. "ನೆನ್ನೇದು ಕೇಳಿದ್ರೆ, ಆಯ್ತು. ಅನ್ನ, ಹುರುಳಿ ಸಾರು." ಆಮೇಲೆ, ಎಷ್ಟೋ ವರ್ಷದಿಂದ ಬಳಸದ ಮಾತನ್ನು ಹುಡುಕಿ ತೆಗೆಯುವವರಂತೆ ನಿಧಾನಕ್ಕೆ ಕೇಳಿದರು. "ನಿಮ್ದು?"

"ನಂದು ಇನ್ನೂ ಇಲ್ಲ," ಎಂದೆ.

ಆ ವಾರದ ಪ್ಲೇಟಿನಲ್ಲಿ ಉಂಗುರ ಸೊನ್ನೆ. ಮಂಗಳವಾರ ನಮ್ಮ ಬೀದಿಗೆ ನೀರು ಆರು ಹತ್ತಕ್ಕೆ ಬಂದದ್ದು ಏಳು ಗಂಟೆಗೆ ನಿಂತಿತು. ಎರಡನ್ನೂ ಬರೆದಿದ್ದೇನೆ.